ಬೋಂಡನ ಏಕಾಗ್ರತೆ

ಮನೆಮನೆ ತಿರುಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿ ನನಗೆ ಹದಿನಾಲ್ಕು ವರ್ಷ ಸರ್ವಿಸ್ ಆಗಿದೆ. ನಾಯಿ ಕಚ್ಚಿದ್ದು ಐದು ಸಲ. ಮೂರು ಮಧುಗಿರಿ ಟೌನಿನವು, ಒಂದು ಕೊರಟಗೆರೆಯದು, ಐದನೆಯದು ಡೆಪ್ಯುಟೇಷನ್ ಮೇಲೆ ಶಿರಾಕ್ಕೆ ಹೋದ ಮೊದಲ ದಿನವೇ, ಬೆಳಿಗ್ಗೆ ಒಂಬತ್ತೂಕಾಲಕ್ಕೆ. ಹೀಗಾಗಿ ನಾಯಿಗಳ ಬಗ್ಗೆ ನನಗಿರುವ ತಿಳಿವಳಿಕೆ ಪುಸ್ತಕ ಓದಿ ಬಂದದ್ದಲ್ಲ, ಮೀನಖಂಡದ ಮೂಲಕ ಬಂದದ್ದು.

ಇಂಥವನು ನಾಯಿ ಸಾಕಿದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಬೀದಿಯ ತುದಿಯಲ್ಲಿ ಪಾಪಕ್ಕನ ಬೋಂಡದ ಅಂಗಡಿಯಿದೆ. ಅದರ ಹಿಂಗೋಡೆಯ ಮೀಟರ್ ಓದಲು ಬಗ್ಗಿದಾಗ ಕಂದು ಬಣ್ಣದ ಮರಿಯೊಂದು ಬಂದು ನನ್ನ ಕಾಲು ಮೂಸಿತು. ನಾನು ಕಣ್ಣು ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಬಾಲ ಆಡಿಸುತ್ತಾ ನನ್ನನ್ನೇ ನೋಡುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಕಚ್ಚದೆ ನೋಡಿದ ಮೊದಲ ನಾಯಿ. ಮನುಷ್ಯನಿಗೆ ಕೃತಜ್ಞತೆ ಅಂತ ಒಂದು ಬೇಡವೇ? ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ತಂದೆ.

ಎಂಟನೇ ತರಗತಿ ಓದುವ ಮಗಳು ಸಹನಾ ಅದಕ್ಕೆ ಬೋಂಡ ಎಂದೇ ಹೆಸರಿಟ್ಟಳು. ನನ್ನ ಹೆಂಡತಿ ಯಶೋಧರಾ ಅಂಗನವಾಡಿಯಲ್ಲಿ ದಿನಕ್ಕೆ ಮೂವತ್ತೆರಡು ಮಕ್ಕಳನ್ನು ಸಂಭಾಳಿಸಿ ಬರುವವಳು. "ಮೂವತ್ಮೂರನೇದು ನನ್ ಕೈಲಾಗಲ್ಲ, ಬಿಟ್ಟು ಬನ್ರೀ" ಎಂದಳು. ಹಾಗೆನ್ನುತ್ತಲೇ ತಟ್ಟೆಗೆ ಹಾಲು ಬಗ್ಗಿಸಿದಳು.

ನಮ್ಮದು ಬಾಡಿಗೆ ಮನೆ. ಮುಂದಿನ ಭಾಗದಲ್ಲಿ ಮನೆ ಮಾಲೀಕರು, ನಿವೃತ್ತ ಹೆಡ್‌ಮಾಸ್ಟರ್ ನಂದೀಶ್ವರಯ್ಯನವರು. ಹಿಂದಿನ ಭಾಗದಲ್ಲಿ ನಾವು. ಮೂವತ್ನಾಲ್ಕು ವರ್ಷ ಮಧುಗಿರಿಗೆ ಶಿಸ್ತು ಕಲಿಸಿದವರು ಅವರು. ಅವರ ನಡುಮನೆಯ ಗೋಡೆಗೆ ಯಾವ ಬಣ್ಣ ಹೊಡೆಸಿದ್ದಾರೆಂದು ಅವರಿಗೇ ಮರೆತುಹೋಗಿದೆ, ಅಷ್ಟು ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಸೀಲು ಮತ್ತು ಸಹಿ ಇಲ್ಲದ ಯಾವುದನ್ನೂ ಅವರು ನಂಬುವುದಿಲ್ಲ.

ಇಂಥವರ ಚಪ್ಪಲಿಯನ್ನು ಬೋಂಡ ಕದ್ದ. ಎಡಗಾಲಿನದು ಮಾತ್ರ. ಒಂದೇ ತಿಂಗಳಲ್ಲಿ ಮೂರು.

"ಲಕ್ಷ್ಮೀಪತಿ, ಇಲ್ಲಿ ಬನ್ನಿ" ಎಂದು ಒಂದು ಭಾನುವಾರ ಕರೆದರು. ಜಗಲಿಯ ಮೇಲೆ ಮೂರು ಬಲಗಾಲಿನ ಚಪ್ಪಲಿ ಸಾಲಾಗಿ ಇಟ್ಟಿದ್ದರು. "ಇವುಗಳನ್ನು ನಾನು ಯಾವ ಕಾಲಿಗೆ ಹಾಕಲಿ?"

"ಸಾರ್, ಅದು..."

"ಉಪಯೋಗವಿಲ್ಲದ ಪ್ರಾಣಿ. ಹಾಲು ಕೊಡುವುದಿಲ್ಲ, ಕಳ್ಳ ಬಂದರೆ ಬೊಗಳುವುದಿಲ್ಲ. ಈ ತಿಂಗಳ ಕೊನೆಗೆ ನಾಯಿ ಈ ಕಾಂಪೌಂಡಿನಿಂದ ಹೋಗಬೇಕು."

ಬಾಗಿಲಲ್ಲಿ ಸಹನಾ ನಿಂತಿದ್ದಳು. ಅವಳು ಅಳಲಿಲ್ಲ; ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ನನ್ನನ್ನು ನೋಡಿದಳು, ಅಷ್ಟೆ. ಅಪ್ಪಂದಿರ ಬಾಯಲ್ಲಿ ದೊಡ್ಡ ಮಾತು ಹೊರಡುವುದು ಇಂಥ ಹೊತ್ತಿನಲ್ಲೇ.

"ಸಾರ್, ಅದು ಸಾಮಾನ್ಯ ನಾಯಿ ಅಲ್ಲ. ಕಾಂಪಿಟೇಷನ್ ನಾಯಿ."

"ಎಂಥ ಕಾಂಪಿಟೇಷನ್?"

ನನಗೂ ಗೊತ್ತಿರಲಿಲ್ಲ. ಸಹನಾ ಒಳಗೋಡಿ ಫೋನ್ ತಂದು ಅವರ ಕೈಗಿಟ್ಟಳು. ಶಿರಾದ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹಾಲೇಶ್ ಹಿಂದಿನ ದಿನ ಕಳಿಸಿದ್ದ ಕರಪತ್ರ ಅದರಲ್ಲಿತ್ತು. ಶಿರಾದಲ್ಲಿ ಶ್ವಾನ ಪ್ರದರ್ಶನ. ಜೊತೆಗೆ ಅಜಿಲಿಟಿ, ಅಂದರೆ ನಾಯಿಗಳ ಅಡೆತಡೆ ಓಟ. ಹಾಲೇಶ್ ನನಗೆ ಹಳೆಯ ಸ್ನೇಹಿತ. ಶಿರಾದಲ್ಲಿ ನನ್ನನ್ನು ಕಚ್ಚಿದ ನಾಯಿಯನ್ನು ಪರೀಕ್ಷೆ ಮಾಡಿ, "ನಾಯಿಗೇನೂ ತೊಂದ್ರೆ ಆಗಿಲ್ಲ" ಎಂದು ಎಲ್ಲರಿಗೂ ಸಮಾಧಾನ ಹೇಳಿದವನು ಅವನೇ.

ನಂದೀಶ್ವರಯ್ಯನವರು ಕನ್ನಡಕ ಹಾಕಿಕೊಂಡು ಕರಪತ್ರವನ್ನು ಎರಡು ಸಲ ಓದಿದರು. ಒಂದು ಕಾಗುಣಿತದ ತಪ್ಪು ಹುಡುಕಿದರು. ಆಮೇಲೆ ಹೇಳಿದರು:

"ಇನ್ನೂ ಆರು ವಾರವಿದೆ. ಅಲ್ಲಿಯವರೆಗೆ ಸಮಯ ಕೊಡುತ್ತೇನೆ. ಆದರೆ ಸ್ಥಾನ ಬಂದ ಸರ್ಟಿಫಿಕೇಟ್ ತರಬೇಕು. ಮೊದಲ ಮೂರರಲ್ಲಿ ಒಂದು. ಭಾಗವಹಿಸಿದ್ದಕ್ಕೆ ಕೊಡುವುದನ್ನು ತರಬೇಡಿ, ಅದನ್ನು ಶಾಮಿಯಾನ ಹಾಕಿದವನಿಗೂ ಕೊಡುತ್ತಾರೆ. ತಂದರೆ ನಾಯಿ ಇರಲಿ. ಇಲ್ಲದಿದ್ದರೆ ಮರುದಿನ ಹೋಗಲಿ."

ಹೀಗೆ ನಮ್ಮ ಮನೆಯಲ್ಲಿ ತರಬೇತಿ ಶುರುವಾಯಿತು.

ಹಿತ್ತಲಿನ ಖಾಲಿ ಸೈಟಿನಲ್ಲಿ ಇಟ್ಟಿಗೆ ಜೋಡಿಸಿ ಮೇಲೆ ನೀರಿನ ಪೈಪ್ ಇಟ್ಟರೆ ಹಾರುವ ಅಡ್ಡಪಟ್ಟಿ. ತಳ ಕಿತ್ತ ಡಾಂಬರು ಡ್ರಮ್ಮು ಸುರಂಗ. ಹುಣಸೆಹಣ್ಣು ಬಡಿಯುವ ಗಳಗಳನ್ನು ಮುರಿದು ಸಾಲಾಗಿ ನೆಟ್ಟರೆ ಹಾವಿನಂತೆ ನುಸುಳಿ ಹೋಗುವ ಕೋಲುಗಳು. ನಮ್ಮ ಮನೆಯ ಟೀಪಾಯಿಯ ಮೇಲೆ ನಾಯಿ ಐದು ಎಣಿಸುವವರೆಗೆ ಕೂತಿರಬೇಕು. ಸರಂಜಾಮು ಎಲ್ಲಾ ಇತ್ತು. ಬೋಂಡನಿಗೆ ಏಕಾಗ್ರತೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಇತ್ತು, ಆದರೆ ಒಂದೊಂದು ಸೆಕೆಂಡಿಗೆ ಒಂದೊಂದರ ಮೇಲೆ. ಪೈಪಿನ ಕಡೆ ಓಡುತ್ತಿದ್ದವನು ಚಿಟ್ಟೆ ಕಂಡರೆ ಚಿಟ್ಟೆಯ ಹಿಂದೆ, ಚಿಟ್ಟೆಯಿಂದ ಕೋಳಿಯ ಹಿಂದೆ, ಕೋಳಿಯಿಂದ ಕೋಳಿ ಸಾಕಿದವರ ಮನೆಗೆ. ಅವರು ಬೈಯಲು ಬಂದರೆ ಅವರ ಹಿಂದೆ.

ಹಾಲೇಶನಿಗೆ ಫೋನ್ ಮಾಡಿದೆ.

"ಅಣ್ಣ, ಕ್ಲಿಕ್ಕರ್ ಅಂತ ಬರ್ತದೆ. ಒತ್ತಿದ್ರೆ ಟಿಕ್ ಅಂತದೆ. ನಾಯಿ ಸರಿಯಾಗಿ ಮಾಡಿದ ಕ್ಷಣದಾಗೇ ಟಿಕ್ ಅನ್ನಿಸ್ಬೇಕು, ಆಮ್ಯಾಕೆ ತಿನ್ನಾಕೆ ಏನಾರ ಕೊಡ್ಬೇಕು. ಟಿಕ್ ಅಂದ್ರೆ ಭೇಷ್ ಅಂತ ಅರ್ಥ. ಆ ಸದ್ದಿಗೆ ನಾಯಿ ಪ್ರಾಣ ಕೊಡ್ತದೆ ನೋಡು."

ಮಧುಗಿರಿಯ ಅಂಗಡಿಗಳಲ್ಲಿ ಕ್ಲಿಕ್ಕರ್ ಸಿಗಲಿಲ್ಲ. ಸ್ಟೇಷನರಿ ಅಂಗಡಿಯವನು ಒತ್ತುವ ಬಾಲ್‌ಪೆನ್ ಕೊಟ್ಟ. ಅದರ ಸದ್ದು ನನಗೇ ಕೇಳಲಿಲ್ಲ. ಗ್ಯಾಸ್ ಲೈಟರ್ ಪ್ರಯತ್ನಿಸಿದೆ; ಬೋಂಡ ಕಿಡಿ ಕಂಡು ಡ್ರಮ್ಮಿನೊಳಗೆ ಹೋಗಿ ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಯಶೋಧರಾ ಬೆಂಕಿಪೊಟ್ಟಣದಲ್ಲಿ ಒಲೆ ಹಚ್ಚುತ್ತಾ, "ಲೈಟರ್ ಯಾರ ತರಬೇತಿಗೆ ಹೋಗೈತೆ?" ಎಂದು ಕೇಳಿದಳು.

ಆ ಸಂಜೆ ಡ್ಯೂಟಿ ಮುಗಿಸಿ ಬಂದವನು ಬಟ್ಟೆಯನ್ನೂ ಬದಲಿಸದೆ ಸೈಟಿನ ಇಟ್ಟಿಗೆಯ ಮೇಲೆ ಕೂತೆ. ಕಾಲು ಸೋತಿದ್ದವು. ಜೇಬಿನಲ್ಲಿ ಹುರಿದ ಕಡ್ಲೆಕಾಯಿ ಇತ್ತು. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಲ್ಲಿರುವ ನನ್ನ ಬಾಮೈದ ಸಣ್ಣರಂಗಯ್ಯ ಜಮೀನನ್ನೆಲ್ಲ ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟು, ಉಳಿಸಿಕೊಂಡ ಒಂದು ತುಂಡಿನಲ್ಲಿ ಹಟಕ್ಕೆ ಕಡ್ಲೆಕಾಯಿ ಬೆಳೆಯುತ್ತಾನೆ. ನಮ್ಮ ಮನೆಯಲ್ಲಿ ಅದಕ್ಕೆ ಬರವಿಲ್ಲ. ಒಂದು ಕಾಯಿ ಒಡೆದೆ.

ಚಟ್!

ಪೈಪನ್ನು ಹಾರಿ ಕೋಳಿಯ ಕಡೆ ಹೊರಟಿದ್ದ ಬೋಂಡ ಅಲ್ಲೇ ನಿಂತ. ಹಿಂದಿರುಗಿ ಬಂದು ನನ್ನ ಮುಂದೆ ನೆಟ್ಟಗೆ ಕೂತ. ಬೀಜ ಕೊಟ್ಟೆ. ತಿಂದ. ಹೋಗಿ ಮತ್ತೆ ಪೈಪ್ ಹಾರಿದ. ತಿರುಗಿ ನೋಡಿದ.

"ಅಪ್ಪಾ, ಒಡಿ! ಇನ್ನೊಂದ್ ಒಡಿ!" ಎಂದು ಸಹನಾ ಕೂಗಿದಳು.

ಚಟ್!

ದೇಶವಿದೇಶದ ತರಬೇತುದಾರರು ಯಾವ ಯಂತ್ರಕ್ಕಾಗಿ ಪ್ಲಾಸ್ಟಿಕ್ ಕರಗಿಸುತ್ತಾರೋ ಅದು ನಮ್ಮ ಸೀಮೆಯ ಕೆಂಪು ಮಣ್ಣಿನಲ್ಲಿ ಬೇರಿಗೆ ಕಚ್ಚಿಕೊಂಡು ಬೆಳೆಯುತ್ತಿತ್ತು. ಸದ್ದೂ ಅದರಲ್ಲೇ, ಸಂಭಾವನೆಯೂ ಅದರಲ್ಲೇ. ಇದನ್ನು ಕಂಡುಹಿಡಿದೆನೆಂದು ಆ ರಾತ್ರಿಯ ಮುದ್ದೆ ನನಗೆ ಎರಡು ಹೆಚ್ಚು ಇಳಿಯಿತು.

ಆಮೇಲೆ ಸಹನಾ ನನ್ನ ಕೈಯಿಂದ ಕೆಲಸ ಕಿತ್ತುಕೊಂಡಳು. ದಿನಾ ಶಾಲೆಗೆ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ. ಮೈದಾನದೊಳಗೆ ನಾಯಿಗೆ ತಿನ್ನಿಸುವಂತಿಲ್ಲ ಎಂಬ ನಿಯಮವನ್ನು ಕರಪತ್ರದ ಕೆಳಸಾಲಿನಲ್ಲಿ ಓದಿದವಳೂ ಅವಳೇ. ಐದನೇ ವಾರದ ಹೊತ್ತಿಗೆ ಒಂದೊಂದು ಅಡೆತಡೆಗೂ ಒಂದು ಚಟ್, ಬೀಜ ಮಾತ್ರ ಓಟ ಪೂರ್ತಿ ಮುಗಿದ ಮೇಲೆ ಎನ್ನುವಂತೆ ಬೋಂಡನನ್ನು ಒಗ್ಗಿಸಿದಳು. ನನ್ನ ಮಗಳ ಗಣಿತದ ನೋಟ್ಸು ನೋಡಿದವರಿಗೆ ಈ ಹಟ ಎಲ್ಲಿ ಅಡಗಿತ್ತು ಎಂದು ಆಶ್ಚರ್ಯವಾಗುತ್ತದೆ.

ಒಂದು ಸಂಜೆ ಮಾತ್ರ ಒಂದು ಘಟನೆ ನಡೆಯಿತು. ಪಕ್ಕದ ಗೋಡೆಯ ಮೇಲೆ ಕೂತು ತರಬೇತಿ ನೋಡುತ್ತಿದ್ದ ಪಾಪಕ್ಕ ಸುಮ್ಮನೆ ಒಂದು ಕಡ್ಲೆಕಾಯಿ ಒಡೆದಳು. ಬೋಂಡ ಡ್ರಮ್ಮಿನಿಂದ ಹೊರಬಿದ್ದು ಹೋಗಿ ಅವಳ ಮುಂದೆ ಕೂತುಬಿಟ್ಟ.

"ಅಯ್ಯೋ ನನ್ನಪ್ಪ! ನಂತಾವ ಕಾಯಿ ಐತೆ ಅಂತ ಹೆಂಗ್ ಗೊತ್ತಾಯ್ತು ನೋಡೇ ಸಹನಾ! ಏನ್ ಬುದ್ಧಿ ಕಣಮ್ಮ ಇದುಕ್ಕೆ!" ಎಂದಳು.

ನಾವೂ ಹಿಗ್ಗಿದೆವು. ಬುದ್ಧಿ ಇದ್ದವರಿಗೆ ಅಷ್ಟು ಸೂಚನೆ ಸಾಕಾಗಿತ್ತು. ಅಲ್ಲಿ ಬೋಂಡನೂ ಸೇರಿ ನಾವು ನಾಲ್ಕೇ ಜನ ಇದ್ದೆವು.

ಪಾಪಕ್ಕನ ಅಂಗಡಿಯಲ್ಲಿ ಬೋಂಡ ತಿಂದವರು ಸುದ್ದಿಯನ್ನೂ ತಿಂದು ಹೋಗುತ್ತಾರೆ. ಸೋಮವಾರ ನಮ್ಮ ಬೀದಿಯಲ್ಲಿ ಬೋಂಡ "ಶಿರಾಕ್ಕೆ ಹೋಗೋ ನಾಯಿ" ಆಗಿದ್ದ. ಬುಧವಾರ ಬಸ್‌ಸ್ಟ್ಯಾಂಡಿನ ಹತ್ತಿರ "ಸ್ಟೇಟ್ ಲೆವೆಲ್" ಆದ. ಶುಕ್ರವಾರ ಕೊರಟಗೆರೆ ಕಡೆ ಕೊಳಾಲದಲ್ಲಿ ಮೀಟರ್ ಓದುತ್ತಿದ್ದಾಗ ಒಬ್ಬ ರೈತ ಅಡ್ಡ ಬಂದ.

"ಅಣ್ಣ, ನಿಮ್ ನಾಯಿ ಪೊಲೀಸ್‌ಗೆ ಸೆಲೆಕ್ಷನ್ ಆಗೈತಂತಲ್ಲ. ನಮ್ದೊಂದು ಟಗರು ಕಾಣ್ದಂಗಾಗೈತೆ. ಒಂದಪ ಕರ್ಕಂಬಾ."

"ಇಲ್ಲ ಯಜಮಾನ್ರೇ, ಅದು ಮೂಸೋ ನಾಯಿ ಅಲ್ಲ. ಹಾರೋ ನಾಯಿ."

"ಅಂಗಾರೆ ಹಾರಿ ನೋಡ್ಲಿ ಬುಡಣ್ಣ, ಎತ್ರದಿಂದ ಚೆನ್ನಾಗಿ ಕಾಣ್ತದೆ."

ಆಫೀಸಿನಲ್ಲಿ ಸೆಕ್ಷನ್ ಆಫೀಸರು ಕರೆದು, "ನಿಮ್ಮ ನಾಯಿ ಗೆದ್ರೆ ನಮ್ಮ ಸೆಕ್ಷನ್ ಹೆಸರೂ ಹೇಳ್ಬೇಕು ಕಣ್ರೀ, ಲಕ್ಷ್ಮೀಪತಿ. ಸೋತ್ರೆ ಹೇಳ್ಬೇಡಿ" ಎಂದರು. ಇಷ್ಟೆಲ್ಲ ಆಗುವಾಗ ನಂದೀಶ್ವರಯ್ಯನವರು ಜಗಲಿಯ ಕ್ಯಾಲೆಂಡರಿನಲ್ಲಿ ಸ್ಪರ್ಧೆಯ ಮರುದಿನಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು.

ಸ್ಪರ್ಧೆಯ ಬೆಳಿಗ್ಗೆ ಸಣ್ಣರಂಗಯ್ಯ ತನ್ನ ಲಗೇಜ್ ಆಟೋ ತಂದ. ನಾವು ಹತ್ತುವಷ್ಟರಲ್ಲಿ ಮುಂದಿನ ಸೀಟಿನಲ್ಲಿ ನಂದೀಶ್ವರಯ್ಯನವರು ಛತ್ರಿ ಹಿಡಿದು ಕೂತಿದ್ದರು.

"ಪರೀಕ್ಷೆ ಎಂದ ಮೇಲೆ ಮೇಲ್ವಿಚಾರಕರು ಇರಬೇಕು" ಎಂದರು.

ಹಿಂದುಗಡೆ ನಾವು ಮೂವರು, ಪಾಪಕ್ಕ, ಬೋಂಡ, ಮತ್ತು ಬಾಯಿ ಕಟ್ಟಿದ ಒಂದು ದೊಡ್ಡ ಚೀಲ. ಚೀಲದಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಸಣ್ಣರಂಗಯ್ಯ, "ಅದು ಮನೋಳ್ ಬಲಂ ಬಾವಾ, ನಮ್ಮೋರ ಬಲ!" ಎಂದು ನಕ್ಕ. ಪಾವಗಡದ ಕಡೆಯವರು ಹರ್ಷ ಬಂದರೆ ಅರ್ಧ ತೆಲುಗಿನಲ್ಲಿ ನಗುತ್ತಾರೆ. ನಾನು ಹೆಚ್ಚು ಕೇಳಲಿಲ್ಲ.

ಶಿರಾದ ಮೈದಾನದಲ್ಲಿ ಹದಿಮೂರು ನಾಯಿಗಳು ಬಂದಿದ್ದವು. ಒಂದಕ್ಕೆ ಫ್ಯಾನು ಹಿಡಿದಿದ್ದರು. ಇನ್ನೊಂದರ ಕೂದಲು ಬಾಚುತ್ತಿದ್ದರು. ಅದರ ಬಾಚಣಿಗೆ ನನ್ನದಕ್ಕಿಂತ ಚೆನ್ನಾಗಿತ್ತು. ನೋಂದಣಿ ಮೇಜಿನಲ್ಲಿ ಕೂತಿದ್ದ ಮೇಡಂ ಕೇಳಿದರು:

"ತಳಿ?"

"ನಾಟಿ, ಮೇಡಂ."

"ನಾಟಿ ಅನ್ನೋ ತಳಿ ಪಟ್ಟೀಲಿ ಇಲ್ಲ."

"ನಮ್ ತಾಲ್ಲೂಕಲ್ಲಿ ಬೇರೆ ಯಾವ್ದೂ ಇಲ್ಲ, ಮೇಡಂ."

"ಹೆಸರು?"

"ಬೋಂಡ."

ಮೇಡಂ ಪೆನ್ ಕೆಳಗಿಟ್ಟು, "ಕ್ಯಾಂಟೀನ್ ಆ ಕಡೆ" ಎಂದರು.

ಹೇಗೋ ಹನ್ನೊಂದನೇ ನಂಬರು ಸಿಕ್ಕಿತು. ಪ್ರತಿ ನಾಯಿಗೂ ಎರಡು ಓಟ; ಎರಡರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಸಹನಾ ಬೋಂಡನ ಜೊತೆ ಓಡುವವಳು. ಅವಳ ಜೇಬಿನಲ್ಲಿ ಆರಿಸಿದ ಕಡ್ಲೆಕಾಯಿ, ಗಟ್ಟಿ ಸಿಪ್ಪೆಯವು. ನಮ್ಮ ಸರದಿ ಬರುವ ಹೊತ್ತಿಗೆ ಸುತ್ತ ಮುನ್ನೂರು ಜನ ಸೇರಿದ್ದರು.

"ಈಗ ಮೈದಾನಕ್ಕೆ ಬರ್ತಾ ಇರೋದು ಮಧುಗಿರಿಯ... ಬೋಂಡ!" ಎಂದು ಮೈಕಿನಲ್ಲಿ ಕೂಗಿದರು. ಅರ್ಧ ಜನ ಕ್ಯಾಂಟೀನ್ ಕಡೆ ತಿರುಗಿದರು.

ಮೊದಲ ಅಡ್ಡಪಟ್ಟಿಯನ್ನು ಬೋಂಡ ಗಾಳಿಯಂತೆ ಹಾರಿದ. ಸಹನಾ ಚಟ್ ಎನ್ನಿಸಿದಳು. ಎರಡನೆಯದಕ್ಕೆ ನೆಗೆದ. ಅವನಿನ್ನೂ ಗಾಳಿಯಲ್ಲಿದ್ದಾಗಲೇ ಶಾಮಿಯಾನದ ಕಡೆಯಿಂದ ಇನ್ನೊಂದು ಸದ್ದು ಬಂತು.

ಚಟ್!

ಬೋಂಡನ ಕತ್ತು ತಿರುಗಿತು. ಎಡಗಡೆಯಿಂದ ಚಟ್. ಬಲಗಡೆಯಿಂದ ಚಟ್‌ಚಟ್. ಹಿಂದಿನಿಂದ, ಮುಂದಿನಿಂದ, ಮೈದಾನ ಪೂರ್ತಿ ಚಟಪಟ ಚಟಪಟ.

ನಾನು ಎದ್ದು ನೋಡಿದೆ. ಸಣ್ಣರಂಗಯ್ಯ ಚೀಲ ಬಿಚ್ಚಿ, ಹುರಿದ ಕಡ್ಲೆಕಾಯಿಯನ್ನು ಪೊಟ್ಟಣ ಕಟ್ಟಿ ಸಾಲುಸಾಲಾಗಿ ಹಂಚುತ್ತಿದ್ದ. "ತಿನ್ನಿ, ತಿನ್ನಿ, ನಮ್ ನಾಯಿಗೆ ಚಪ್ಪಾಳೆ ಹೊಡೀರಿ" ಎನ್ನುತ್ತಿದ್ದ. ನಮ್ಮ ಜನಕ್ಕೆ ಕೈಗೆ ಕಡ್ಲೆಕಾಯಿ ಬಂದರೆ ಕಾಯುವ ಅಭ್ಯಾಸವಿಲ್ಲ.

"ಏನೋ ಇದು?" ಎಂದು ಓಡಿಹೋಗಿ ಅವನ ಕೈ ಹಿಡಿದೆ.

"ಬಂದೋರ ಬಾಯಿ ಆಡ್ತಿರ್ಬೇಕು ಬಾವಾ. ನಮ್ದು ತಿಂದ್ ಬಾಯಿ ನಮ್ ಕಡೇನೇ ಮಾತಾಡ್ತದೆ!"

ಬೋಂಡನ ದೃಷ್ಟಿಯಿಂದ ಯೋಚಿಸಬೇಕು. ಇಡೀ ಶಿರಾ ಒಕ್ಕೊರಲಿನಿಂದ ಅವನಿಗೆ ಭೇಷ್ ಎನ್ನುತ್ತಿತ್ತು. ಅಷ್ಟು ಹೊಗಳಿಕೆ ಒಟ್ಟಿಗೆ ಬಂದರೆ ಮನುಷ್ಯರೇ ದಾರಿ ತಪ್ಪುತ್ತಾರೆ, ಅವನು ನಾಯಿ. ಆದರೂ ಶಿಸ್ತು ಬಿಡಲಿಲ್ಲ. ಕಾಯಿ ಒಡೆದ ಒಬ್ಬೊಬ್ಬರ ಮುಂದೆಯೂ ಹೋಗಿ ನೆಟ್ಟಗೆ ಕೂತ, ಬೀಜ ಕೊಡುವವರೆಗೆ ಕಾದ, ತಿಂದ, ಮುಂದಿನವರ ಬಳಿಗೆ ಹೋದ. "ಎಷ್ಟು ಮರ್ಯಾದಸ್ತ ನಾಯಿ!" ಎಂದು ಜನ ಮೆಚ್ಚಿ ಇನ್ನೂ ಒಡೆದರು. ಸಹನಾ ಮೈದಾನದ ನಡುವೆ ಒಬ್ಬಳೇ "ಬೋಂಡಾ, ಬೋಂಡಾ" ಎಂದು ಕೂಗುತ್ತಿದ್ದಳು. ಕಡೆಗೆ ಅವನು ಮುಂದಿನ ಸಾಲಿನಲ್ಲಿ ಪೊಟ್ಟಣ ಹಿಡಿದಿದ್ದ ನಂದೀಶ್ವರಯ್ಯನವರ ಮುಂದೆ ಬಂದು ಕೂತ.

"ಇಲ್ಲಿಗೇಕೆ ಬಂದೆ?" ಎಂದು ಅವರು ಗದರಿದರು. "ಹೋಗು, ಪರೀಕ್ಷೆ ಬರಿ."

ಸಮಯ ಮುಗಿಯಿತು. ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರರು ಟೋಪಿ ಸರಿಮಾಡಿಕೊಂಡು ಮೈಕಿನಲ್ಲಿ ಹೇಳಿದರು: "ನಾಯಿ ಚುರುಕಾಗಿದೆ. ಆದರೆ ಮಧುಗಿರಿಯಲ್ಲಿ ಶಿಸ್ತು ಕಲಿಸಿಲ್ಲ."

ಇದನ್ನು ಕೇಳಿದಾಗ ನಂದೀಶ್ವರಯ್ಯನವರ ಮುಖ ಹೇಗಾಯಿತೆಂದು ನಾನು ನೋಡಲಿಲ್ಲ. ನನಗೆ ನನ್ನ ಮಗಳ ಮುಖ ಸಾಕಾಗಿತ್ತು. ಅವಳು ಬೋಂಡನನ್ನು ಎತ್ತಿಕೊಂಡು ಬಂದು, "ಅಪ್ಪಾ, ಇನ್ನೊಂದ್ ಓಟ ಐತೆ. ಸದ್ದು ನಿಲ್ಸಿ. ಅಷ್ಟ್ ಮಾಡಿ, ಉಳಿದಿದ್ದು ನಾನ್ ನೋಡ್ಕೊಂತೀನಿ" ಎಂದಳು.

ವಿಷಯ ತಿಳಿದ ಸಣ್ಣರಂಗಯ್ಯ ತಲೆಯ ಮೇಲೆ ಕೈ ಹೊತ್ತು ಕೂತ. "ಅಯ್ಯೋ, ನೇನೇ ಚೆಡಗೊಟ್ಟಿನಾ ಬಾವಾ? ನಾನೇ ಕೆಡಿಸ್ಬುಟ್ನಾ?" ಎಂದ. ಎದ್ದವನೇ ಹಂಚಿದ ಪೊಟ್ಟಣಗಳನ್ನು ವಾಪಸ್ ಕೇಳಲು ಹೊರಟ. ಕೊಟ್ಟದ್ದನ್ನು ತಿರುಗಿ ಕೇಳುವವರಿಗೆ ನಮ್ಮ ಸೀಮೆಯಲ್ಲಿ ಏನು ಮರ್ಯಾದೆ ಸಿಗುತ್ತದೋ ಅದೇ ಸಿಕ್ಕಿತು.

"ಕೊಟ್ಟು ಕಿತ್ಕಂತೀಯೇನ್ಲಾ? ನಾವೇನ್ ನಿನ್ನ ಕೇಳಿದ್ವಾ?"

"ಅರೇ ಭಾಯ್, ದಿಯಾ ಸೋ ವಾಪಸ್ ಲೇತೇ ಕ್ಯಾ? ನಾನು ತಿಂದಿದ್ದೂ ಬೇಕಾ ನಿಂಗೆ?"

ಯಶೋಧರಾ ಮೈಕಿನವನ ಬಳಿ ಹೋಗಿ ಬೇಡಿಕೊಂಡಳು. ಅವನು, "ಮಹಾಜನಗಳೇ, ನಾಯಿಯ ಏಕಾಗ್ರತೆಗೆ ಭಂಗ ಬರುವುದರಿಂದ ದಯವಿಟ್ಟು ಕಡ್ಲೆಕಾಯಿ ಒಡೆಯಬಾರದು" ಎಂದು ಪ್ರಕಟಿಸಿದ. ಅಲ್ಲಿಯವರೆಗೆ ಸಿಗದವರೆಲ್ಲ, "ಎಲ್ಲಿ ಕೊಡ್ತಾವ್ರೆ? ಎಲ್ಲಿ?" ಎಂದು ಎದ್ದುಬಂದರು.

ಎರಡನೇ ಸುತ್ತು ಶುರುವಾಯಿತು. ಬೇರೆ ನಾಯಿಗಳಿಗೆ ಚಟಪಟದ ಹಂಗಿಲ್ಲ, ಓಡಿದವು. ಹತ್ತನೆಯದೂ ಮುಗಿಯಿತು. ಸಹನಾ ಗೆರೆಯ ಬಳಿ ಹೋಗಿ ನಿಂತಳು. ಮೈದಾನದ ಸುತ್ತ ಇನ್ನೂ ಮಳೆ ಬಿದ್ದಂತೆ ಸದ್ದು. ನಾನು ಪ್ರತಿಯೊಬ್ಬರಿಗೂ ಕೈಮುಗಿಯುತ್ತಾ ಓಡುತ್ತಿದ್ದೆ. ಒಂದು ಕಡೆ ನಿಲ್ಲಿಸಿದರೆ ಇನ್ನೊಂದು ಕಡೆ ಶುರುವಾಗುತ್ತಿತ್ತು.

ಆಗ ನಂದೀಶ್ವರಯ್ಯನವರು ಎದ್ದರು. ಛತ್ರಿಯನ್ನು ಪಾಪಕ್ಕನ ಕೈಗೆ ಕೊಟ್ಟರು. ನಡೆದುಹೋಗಿ, ಏನೂ ಕೇಳದೆ, ಮೈಕನ್ನು ತೆಗೆದುಕೊಂಡರು.

"ಸದ್ದು!"

ಒಂದೇ ಶಬ್ದ. ನಾಲ್ಕೂ ಮೂಲೆಯ ಸ್ಪೀಕರುಗಳಲ್ಲಿ ಅದು ಮೂವತ್ನಾಲ್ಕು ವರ್ಷದ ಸರ್ವಿಸ್ ಸಮೇತ ಹೊರಬಿತ್ತು.

"ಎಲ್ಲರೂ ಇದ್ದಲ್ಲೇ ಕುಳಿತುಕೊಳ್ಳಿ. ಕೈಯಲ್ಲಿರುವುದನ್ನು ಕೆಳಗಿಡಿ. ಕೈ ಕಟ್ಟಿ. ಬಾಯಿಯ ಮೇಲೆ ಬೆರಳು. ಹಿಂದಿನ ಸಾಲಿನ ನೀಲಿ ಅಂಗಿ, ನಿಮಗೆ ಬೇರೆ ಹೇಳಬೇಕೇ?"

ನೀಲಿ ಅಂಗಿಯವರಿಗೆ ಐವತ್ತರ ಮೇಲಾಗಿತ್ತು, ಕೈ ಕಟ್ಟಿದರು. ಮುನ್ನೂರು ಜನ ಕೈ ಕಟ್ಟಿದರು. ತೀರ್ಪುಗಾರರು ಅಂಕಪಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಕೈ ಕಟ್ಟಿದರು. ನಾನೂ ಕಟ್ಟಿದೆ. ಬೆರಳನ್ನು ಬಾಯಿಯ ಮೇಲಿಟ್ಟ ಮೇಲೆ ಕೈ ಹೇಗೆ ಕಟ್ಟುವುದು ಎಂದು ಯಾರೂ ಕೇಳಲಿಲ್ಲ.

"ಪರೀಕ್ಷೆ ಬರೆಯುವ ಹುಡುಗಿ ಮಾತ್ರ ಶುರು ಮಾಡಬಹುದು" ಎಂದರು.

ಬೋಂಡ ಹೊರಟ. ಒಂದನೇ ಅಡ್ಡಪಟ್ಟಿ, ಚಟ್. ಎರಡನೆಯದು, ಚಟ್. ಆ ನಿಶ್ಶಬ್ದದಲ್ಲಿ ನನ್ನ ಮಗಳ ಬೆರಳಿನ ಸದ್ದು ಮೈದಾನದ ಈ ತುದಿಗೂ ಕೇಳುತ್ತಿತ್ತು. ಸುರಂಗದೊಳಗೆ ಹೊಕ್ಕ, ಗುಂಡಿನಂತೆ ಹೊರಬಿದ್ದ, ಚಟ್. ಹನ್ನೆರಡು ಕೋಲುಗಳ ನಡುವೆ ಸೂಜಿಯ ದಾರದಂತೆ ನುಸುಳಿದ, ಒಂದೂ ತಪ್ಪಲಿಲ್ಲ. ಮೇಜು ಹತ್ತಿ ಕೂತ. ಸಹನಾ ಬೆರಳಲ್ಲಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಚಟ್! ಇಳಿದ. ಉಳಿದದ್ದು ಒಂದೇ ಅಡ್ಡಪಟ್ಟಿ, ಹದಿನೈದು ಹೆಜ್ಜೆ. ಯಶೋಧರಾ ನನ್ನ ತೋಳನ್ನು ಹಿಡಿದ ರಭಸಕ್ಕೆ ಆ ಜಾಗ ಒಂದು ವಾರ ನೀಲಿಯಾಗಿತ್ತು. ಇಷ್ಟು ವೇಗವಾಗಿ ಅಲ್ಲಿಯವರೆಗೆ ಎರಡು ನಾಯಿಗಳು ಮಾತ್ರ ಬಂದಿದ್ದವು.

ಆಗ ಆಕಾಶ ಒಡೆದಂತೆ ನಾಲ್ಕೂ ದಿಕ್ಕಿನಿಂದ ಒಂದು ಸದ್ದು ಬಂತು.

ಚಟಾರ್!

ಬೋಂಡ ನಿಂತ. ಅವನ ಜೀವಮಾನದಲ್ಲಿ ಅಷ್ಟು ದೊಡ್ಡ ಭೇಷ್ ಕೇಳಿರಲಿಲ್ಲ. ನಾಲ್ಕು ಸ್ಪೀಕರುಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ನೇರವಾಗಿ ಮೈಕಿನ ಬಳಿಗೆ ಓಡಿಹೋಗಿ ನಂದೀಶ್ವರಯ್ಯನವರ ಮುಂದೆ ನೆಟ್ಟಗೆ ಕೂತ.

ಅವರ ಎಡಗೈಯಲ್ಲಿ ಮೈಕಿತ್ತು. ಬಲಗೈಯನ್ನು ಆತಂಕದಲ್ಲಿ ಎದೆಯ ಬಳಿ, ಮೈಕಿನ ಪಕ್ಕದಲ್ಲೇ, ಮುಷ್ಟಿ ಕಟ್ಟಿ ಹಿಡಿದಿದ್ದರು. ನಿಧಾನಕ್ಕೆ ಮುಷ್ಟಿ ಬಿಚ್ಚಿದರು. ಎರಡು ಕಡ್ಲೆಕಾಯಿ ಪುಡಿಯಾಗಿದ್ದವು. ಎಲ್ಲರಿಗೂ ಕೆಳಗಿಡಲು ಹೇಳಿದವರು ತಾವು ಇಡುವುದನ್ನು ಮರೆತಿದ್ದರು.

ಮುನ್ನೂರು ಜನ ಕೈ ಕಟ್ಟಿಕೊಂಡು ಹೆಡ್‌ಮಾಸ್ಟರರನ್ನು ನೋಡಿದರು.

ಸಹನಾ ಜೇಬಿಗೆ ಕೈ ಹಾಕಿದಳು, ಕಾಯಿ ಮುಗಿದಿತ್ತು. ಬೋಂಡನನ್ನು ಒಂದು ಸಲ ನೋಡಿ, ಅವನಿಗೆ ಬೆನ್ನು ತಿರುಗಿಸಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಕಡೆಯ ಅಡ್ಡಪಟ್ಟಿಯ ಕಡೆ ಓಡಿದಳು. ಓಡಿ ತಾನೇ ಅದನ್ನು ಹಾರಿಬಿಟ್ಟಳು. ಬೋಂಡ ಮುಂದಿದ್ದ ಪುಡಿ ಕಡ್ಲೆಯನ್ನು ನೋಡಿದ, ದೂರ ಹೋಗುತ್ತಿದ್ದ ಹುಡುಗಿಯನ್ನು ನೋಡಿದ. ಕಡ್ಲೆಯನ್ನು ಬಿಟ್ಟು ಎದ್ದ. ಅವಳ ಹಿಂದೆಯೇ ಹೋಗಿ ಹಾರಿದ. ಸದ್ದಿಲ್ಲದೆ, ಬೀಜವಿಲ್ಲದೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರ ಕೈ ಕಟ್ಟಿತ್ತು. ಮೈಕಿನಲ್ಲಿ ಸಣ್ಣ ದನಿ ಕೇಳಿಸಿತು: "ಕೈ ಬಿಚ್ಚಬಹುದು." ಆಮೇಲೆ 'ಹೋ' ಎಂದು ಎದ್ದ ಸದ್ದಿಗೆ ಫ್ಯಾನಿನ ಗಾಳಿಯಲ್ಲಿದ್ದ ನಾಯಿ ಕುರ್ಚಿಯ ಕೆಳಗೆ ಸೇರಿತು.

ನಾಲ್ಕನೇ ಸ್ಥಾನ ಬಂತು. ಮೂರನೆಯದಕ್ಕಿಂತ ಎರಡು ಸೆಕೆಂಡ್ ಹೆಚ್ಚು.

ವಾಪಸ್ ಬರುವಾಗ ಆಟೋದಲ್ಲಿ ಪಾಪಕ್ಕ, "ಆ ಕಾಯಿ ಮೆತ್ತಗಿದ್ದಿದ್ರೆ ಗೆದ್ಬುಡ್ತಿತ್ತು" ಎಂದು ತನಗೆ ತಾನೇ ಹೇಳಿಕೊಂಡಳು. ಮನೆ ತಲುಪಿದ ಮೇಲೆ ಸಹನಾ ಬೋಂಡನ ತಟ್ಟೆ ತೊಳೆದು ಒರೆಸಿ ಒಂದು ಚೀಲದಲ್ಲಿ ಇಟ್ಟಳು. "ಅಪ್ಪಾ, ಹಾಲೇಶ್ ಮಾಮನ ಮನೇಲಿ ಬಿಟ್ರೆ ಭಾನುವಾರ ಹೋಗ್ ನೋಡ್ಬೋದಾ?" ಎಂದು ಕೇಳಿದಳು. ಚೀಲದ ಬಾಯಿ ಕಟ್ಟುತ್ತಾ ನೋಡಬಹುದು ಎಂದೆ.

ಮರುದಿನ ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದರು. ಬಡಿದ ರೀತಿಗೇ ಯಾರೆಂದು ತಿಳಿಯಿತು. ಚೀಲ ಕೈಗೆತ್ತಿಕೊಂಡು ಬಾಗಿಲು ತೆಗೆದೆ. ನಂದೀಶ್ವರಯ್ಯನವರು ಬಿಳಿ ಕ್ಯಾನ್ವಾಸ್ ಶೂ ಹಾಕಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದರು.

"ಅಭ್ಯರ್ಥಿ ಎಲ್ಲಿ?"

"ಸಾರ್, ಇವತ್ತು ಸಂಜೆಯೊಳಗೆ ಕಳಿಸ್ಬಿಡ್ತೀವಿ. ಹಾಲೇಶನಿಗೆ ಫೋನ್..."

"ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕನೇ ಗಲಾಟೆ ಮಾಡಿದರೆ ಏನು ಮಾಡಬೇಕು, ಲಕ್ಷ್ಮೀಪತಿ?"

"ಗೊತ್ತಿಲ್ಲ ಸಾರ್."

"ಮರುಪರೀಕ್ಷೆ. ಅದು ನಿಯಮ. ಮೂರು ತಿಂಗಳಿಗೆ ಪಾವಗಡದಲ್ಲಿ ಇನ್ನೊಂದು ಸ್ಪರ್ಧೆ ಇದೆಯೆಂದು ರಾತ್ರಿಯೇ ವಿಚಾರಿಸಿದ್ದೇನೆ." ಜೇಬಿನಿಂದ ಒಂದು ಹಾಳೆ ತೆಗೆದರು. ವೇಳಾಪಟ್ಟಿ. ವಾರಕ್ಕೆ ಆರು ದಿನ, ಬೆಳಿಗ್ಗೆ ಐದೂವರೆಯಿಂದ ಏಳು; ಭಾನುವಾರ ಕಿರುಪರೀಕ್ಷೆ. ಕೆಳಗೆ ಸಹಿ, ಸೀಲು. "ಕಡ್ಲೆಕಾಯಿ ರದ್ದು. ಇನ್ನು ಮುಂದೆ ಸೀಟಿ. ಮಗುವನ್ನು ಎಬ್ಬಿಸಿ. ನೀವೂ ಬನ್ನಿ, ಪೈಪ್ ಹಿಡಿಯಲು ಒಬ್ಬರು ಬೇಕು."

ಸಹನಾಳನ್ನು ಎಬ್ಬಿಸುವ ಅಗತ್ಯ ಬರಲಿಲ್ಲ. ಅವಳು ನನ್ನ ಕೈಯಿಂದ ಚೀಲ ಕಿತ್ತುಕೊಂಡು, ತಟ್ಟೆ ತೆಗೆದು ಅದರ ಜಾಗದಲ್ಲಿಟ್ಟು, ಬೋಂಡನೊಂದಿಗೆ ಆಗಲೇ ಸೈಟಿನಲ್ಲಿದ್ದಳು. ಸಂತೋಷವೇನೋ ಆಯಿತು. ಆದರೆ ನನಗೆ ಏಳು ಗಂಟೆಗೆ ಡ್ಯೂಟಿ. ಮೂರು ತಿಂಗಳು ಐದೂವರೆಗೆ ಏಳಬೇಕು. ಮೆಲ್ಲಗೆ ಕೇಳಿದೆ:

"ಸಾರ್, ಅಷ್ಟರೊಳಗೆ ನನಗೇನಾದ್ರೂ ಬೇರೆ ಊರಿಗೆ ವರ್ಗ ಆದ್ರೆ?"

ನಂದೀಶ್ವರಯ್ಯನವರು ಸೈಟಿನಲ್ಲಿ ನೆಟ್ಟಗೆ ಕೂತು ತಮ್ಮ ಸೀಟಿಯನ್ನೇ ನೋಡುತ್ತಿದ್ದ ಬೋಂಡನನ್ನು ನೋಡಿದರು.

"ನೀವು ಹೋಗಿ ಬನ್ನಿ" ಎಂದರು. "ನಾಯಿಯನ್ನು ಕಳಿಸಲಾಗುವುದಿಲ್ಲ."